ಲುವಾಳ ಒಂದು ಮೀಟರ್ ಅಗಲದ ಮನೆ

ಲುವಾಳನ್ನು ನಮ್ಮ ಬಣ್ಣದ ಓಣಿಯಲ್ಲಿ ಯಾರೂ ಇಷ್ಟಪಡುತ್ತಿರಲಿಲ್ಲ. ನಾನೂ ಇಷ್ಟಪಡುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈಗ ಅವಳ ಕತೆ ಹೇಳಲು ಕೂತವನು ಅಂದಿನಿಂದಲೂ ಅವಳ ಪಕ್ಷದವನೇ ಆಗಿದ್ದನೆಂದು ಯಾರೂ ತಿಳಿಯಬಾರದು. ನನ್ನ ಹೆಸರು ಖಾಯ್. ನಾಮ್ ದಿನ್ ಪಟ್ಟಣದ ನೂಲಿನ ಗಿರಣಿಯಲ್ಲಿ ಮೂವತ್ತು ವರ್ಷ ಕರೆಂಟಿನ ಕೆಲಸ ಮಾಡಿದೆ. ಗಿರಣಿಯಿಂದ ಹೊರಬಿದ್ದ ಮೇಲೆ ಹದಿನಾಲ್ಕು ವರ್ಷ ಓಣಿಯ ಮುಖ್ಯಸ್ಥನಾಗಿದ್ದೆ. ಅದೇನು ದೊಡ್ಡ ಹುದ್ದೆಯಲ್ಲ. ಯಾರ ಮನೆಯ ಚರಂಡಿ ಯಾರ ಬಾಗಿಲಿಗೆ ಹರಿಯಿತು, ಯಾರ ನಾಯಿ ಯಾರ ಕೋಳಿಯನ್ನು ಹಿಡಿಯಿತು ಎಂಬ ತಕರಾರುಗಳನ್ನು ಕೇಳಿ, ಕೊನೆಗೆ ಎರಡೂ ಕಡೆಯವರಿಂದ ಬೈಸಿಕೊಂಡು ಮನೆಗೆ ಬರುವ ಕೆಲಸ.

ಲುವಾ ಎತ್ತರದ ಹೆಂಗಸು, ಕಡ್ಡಿಯಂತಹ ಮೈ. ಎಡಗಿವಿ ಕೇಳುತ್ತಿರಲಿಲ್ಲ. ಯಾರಾದರೂ ಮಾತಾಡಿಸಿದರೆ ಬಲಗಿವಿಯನ್ನು ಮುಂದೆ ಮಾಡಿ, ಓರೆಗಣ್ಣಿನಿಂದ ನೋಡುತ್ತ ನಿಲ್ಲುವಳು. ಗುರಿಯಿಟ್ಟು ನಿಂತಂತೆ ಕಾಣುತ್ತಿತ್ತು. ಮಕ್ಕಳು ಆ ನೋಟಕ್ಕೇ ಹೆದರುತ್ತಿದ್ದವು. ಓಣಿಯ ಸಾಲುಮನೆಗಳಲ್ಲಿ ಅವಳದು ಕೊನೆಯದು, ಅದಕ್ಕೆ ಅಂಟಿದ ಪಕ್ಕದ್ದು ಮಿಯೆನ್‌ಳ ಮನೆ. ಇಬ್ಬರಿಗೂ ನಡುವೆ ಒಂದೇ ಗೋಡೆ. ಲುವಾಳ ಮನೆಯಾಚೆಗೆ ಬಾತುಕೋಳಿ ಈಜುವ ಒಂದು ಹೊಂಡ, ಅದರಾಚೆ ಖಾಲಿ ಬಯಲು.

ಜಗಳದ ಬೇರು ೧೯೭೨ರ ಬೇಸಿಗೆಯಲ್ಲಿದೆ. ಆಗ ಲುವಾಳಿಗೆ ಇಪ್ಪತ್ತೊಂಬತ್ತು. ಅವಳ ಗಂಡ ದ್ವಾಯ್ ದಕ್ಷಿಣದ ಯುದ್ಧಕ್ಕೆ ಹೋಗಿ ಐದು ವರ್ಷವಾಗಿತ್ತು, ಅವನ ಕೊನೆಯ ಕಾಗದ ಬಂದು ಒಂದು ವರ್ಷ. ಮನೆಯಲ್ಲಿ ಅವಳು ಮತ್ತು ಅವಳ ಅತ್ತೆ, ಇಬ್ಬರೇ. ಅತ್ತೆಗೆ ಮಂಡಿ ಹಿಡಿದುಹೋಗಿ ಎದ್ದು ನಡೆಯಲು ಆಗುತ್ತಿರಲಿಲ್ಲ. ಲುವಾ ರಾತ್ರಿ ಪಾಳಿಯಲ್ಲಿ ನೂಲು ತೆಗೆದು ಬಂದು, ಅತ್ತೆಗೆ ಗಂಜಿ ಕುಡಿಸಿ, ಮೈ ಒರೆಸಿ, ಆಮೇಲೆ ಮಲಗುವಳು. ಮಿಯೆನ್ ನೇಯ್ಗೆಯ ವಿಭಾಗದಲ್ಲಿದ್ದಳು, ಎರಡು ವರ್ಷ ಕಿರಿಯಳು. ಮಾದರಿ ಕೆಲಸಗಾರ್ತಿ ಎಂದು ಎರಡು ಸಲ ಆಯ್ಕೆಯಾಗಿದ್ದಳು. ಅವಳ ಪಟ ಗಿರಣಿಯ ಬಾಗಿಲಲ್ಲಿ ತೂಗುತ್ತಿತ್ತು. ಅವಳ ಗಂಡ ಸೈನ್ಯದ ಲಾರಿ ಓಡಿಸುತ್ತಿದ್ದ. ನಾಲ್ಕು ವರ್ಷದ ಮಗಳು ಥಾಮ್, ಓಣಿಯ ಉಳಿದೆಲ್ಲ ಮಕ್ಕಳ ಹಾಗೆ, ಹಳ್ಳಿಯಲ್ಲಿ ಯಾರದೋ ಮನೆಯಲ್ಲಿ ಬೆಳೆಯುತ್ತಿದ್ದಳು. ಬಾಂಬು ಬೀಳುವ ಪಟ್ಟಣದಲ್ಲಿ ಮಕ್ಕಳನ್ನು ಇಟ್ಟುಕೊಳ್ಳುವ ಕಾಲವಾಗಿರಲಿಲ್ಲ ಅದು.

ಓಣಿಯ ಬಾಯಲ್ಲಿ ಒಂದು ದೊಡ್ಡ ಅಡಗುದಾಣವಿತ್ತು. ಲುವಾಳ ಮನೆಯಿಂದ ಅಲ್ಲಿಗೆ ನೂರು ಹೆಜ್ಜೆ. ಅದಲ್ಲದೆ ಲುವಾಳ ಬಾಗಿಲಿನೆದುರು, ಕಾಲುದಾರಿಯಲ್ಲಿ, ಸಿಮೆಂಟಿನ ಬಳೆ ಇಳಿಸಿದ ಒಂಟಿ ಗುಂಡಿಯೊಂದಿತ್ತು. ಒಬ್ಬರು ಕುಕ್ಕುರುಗಾಲಲ್ಲಿ ಕೂತು ಮೇಲೆ ಮುಚ್ಚಳ ಎಳೆದುಕೊಳ್ಳಬಹುದು. ಓಣಿಯ ಸಭೆಯಲ್ಲಿ ಎಲ್ಲರೂ ಕೈಯೆತ್ತಿ ಒಪ್ಪಿ, ಆ ಗುಂಡಿಯನ್ನು ಲುವಾಳ ಅತ್ತೆಗೆಂದು ಬಿಟ್ಟುಕೊಟ್ಟಿದ್ದರು. ಸೈರನ್ ಕೂಗಿದರೆ ಲುವಾ ಅತ್ತೆಯನ್ನು ಅದರೊಳಗೆ ಇಳಿಸಿ, ತಾನು ದೊಡ್ಡ ಅಡಗುದಾಣಕ್ಕೆ ಓಡುವಳು. ಮಿಯೆನ್ ಕೂಡ ಕೈಯೆತ್ತಿದವರಲ್ಲಿ ಒಬ್ಬಳು.

ಆ ದಿನ ಬೆಳಿಗ್ಗೆ ಹತ್ತರ ಸುಮಾರು. ಥಾಮ್‌ಳಿಗೆ ದಡಾರ ಬಂದು, ಹಳ್ಳಿಯವರು ಇಟ್ಟುಕೊಳ್ಳಲು ಹೆದರಿ, ಹಿಂದಿನ ದಿನವಷ್ಟೇ ತಾಯಿಯ ಹತ್ತಿರ ತಂದುಬಿಟ್ಟಿದ್ದರು. ಲುವಾ ಪಾಳಿ ಮುಗಿಸಿ ಬಂದು ಮಲಗಿದ್ದಳು. ಸೈರನ್ ಮತ್ತು ವಿಮಾನ ಒಟ್ಟಿಗೇ ಬಂದವು. ಅಂಥದ್ದು ಆಗುತ್ತಿತ್ತು, ಸಮುದ್ರದ ಮೇಲಿಂದ ತೀರ ಕೆಳಗೆ ಹಾರಿ ಬಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಲುವಾ ಎದ್ದವಳೇ ಅತ್ತೆಯನ್ನು ಬೆನ್ನಿಗೆ ಹಾಕಿಕೊಂಡು ಹೊರಗೆ ಬಂದಳು. ಗುಂಡಿಯ ಮುಚ್ಚಳ ಮುಚ್ಚಿತ್ತು. ಒದ್ದಳು, ಕೂಗಿದಳು, ಕಾಲಿನ ಬೆರಳನ್ನು ಸಂದಿಗೆ ತೂರಿಸಿ ಎತ್ತಲು ನೋಡಿದಳು. ಒಳಗಿನಿಂದ ಯಾರೋ ಹಿಡಿದುಕೊಂಡಿದ್ದರು. ಇನ್ನು ಹೊತ್ತಿರಲಿಲ್ಲ. ಬೆನ್ನ ಮೇಲಿನ ಭಾರದೊಂದಿಗೆ ಓಣಿಯ ಬಾಯಿಯ ಕಡೆ ಓಡಿದಳು. ಅರ್ಧ ದಾರಿಗೆ ಬರುವಷ್ಟರಲ್ಲಿ ಓಣಿಗೆ ತಾಗಿದ, ಗಿರಣಿಯ ಬಣ್ಣ ಹಾಕುವ ಶೆಡ್ಡಿನ ಮೇಲೆ ಬಾಂಬು ಬಿತ್ತು.

ಹೊಗೆ ಸ್ವಲ್ಪ ತಿಳಿಯಾದ ಮೇಲೆ ಗಿರಣಿಯಿಂದ ಓಡಿ ಬಂದ ನಾಲ್ಕು ಜನರಲ್ಲಿ ನಾನೊಬ್ಬ. ಲುವಾ ಬೋರಲು ಬಿದ್ದಿದ್ದಳು, ಅತ್ತೆ ಅವಳ ಮೇಲೆ. ಚೂರುಗಳೆಲ್ಲ ಮುದುಕಿಯ ಬೆನ್ನಿಗೆ ಬಿದ್ದಿದ್ದವು. ಎತ್ತಿದಾಗ ಜೀವ ಇರಲಿಲ್ಲ. ಲುವಾಳಿಗೆ ಎಡಗಿವಿಯಿಂದ ರಕ್ತ ಸೋರುತ್ತಿತ್ತು, ಬೇರೆ ಗಾಯವಿರಲಿಲ್ಲ. ಅವಳು ಎದ್ದು ಅತ್ತೆಯ ಕಡೆ ತಿರುಗಿಯೂ ನೋಡದೆ ನೆಟ್ಟಗೆ ಗುಂಡಿಯ ಹತ್ತಿರ ಹೋಗಿ ನಿಂತಳು. ಮುಚ್ಚಳ ಸರಿಯಿತು. ಮೊದಲು ಮಗು ಹೊರಗೆ ಬಂತು, ಆಮೇಲೆ ಮಿಯೆನ್. ಲುವಾ ಅವಳ ಮುಖಕ್ಕೆ ಉಗುಳಿದಳು. ದುಃಖದಲ್ಲಿ ತಲೆ ಕೆಟ್ಟಿದೆ ಎಂದು ನಾವು ಅವಳನ್ನು ಹಿಡಿದು ಆಚೆ ಎಳೆದೆವು.

ಮರುದಿನ ಓಣಿಯ ಸಮಿತಿ ಕೂತಿತು. ಓದು ಬಲ್ಲವನೆಂದು, ಅಕ್ಷರ ದುಂಡಗಿದೆಯೆಂದು, ವರದಿ ಬರೆಯಲು ನನ್ನನ್ನು ಕೂರಿಸಿದರು. ಮಿಯೆನ್ ಹೇಳಿದಳು, ನಾನು ಬರೆದೆ: ಗುಂಡಿಯಲ್ಲಿ ನೀರು ನಿಂತಿದೆ, ನಾನು ಇಳಿಯುವುದಿಲ್ಲ ಎಂದು ಮುದುಕಿ ಹಟ ಹಿಡಿದಳು, ಗುಂಡಿ ಖಾಲಿ ಉಳಿದದ್ದರಿಂದ ನಾನು ಜ್ವರದ ಮಗುವನ್ನು ಕರೆದುಕೊಂಡು ಇಳಿದೆ, ಲುವಾ ಯಾರ ಮಾತೂ ಕೇಳದೆ ಅತ್ತೆಯನ್ನು ಹೊತ್ತುಕೊಂಡು ತೆರೆದ ಓಣಿಯಲ್ಲಿ ಓಡಿದಳು. ಲುವಾ ಎದ್ದು ನಿಂತು ಇದೆಲ್ಲ ಸುಳ್ಳು ಎಂದು ಕಿರುಚಿದಳು. ಅವಳಿಗೆ ಅವಳ ದನಿಯೇ ಸರಿಯಾಗಿ ಕೇಳುತ್ತಿರಲಿಲ್ಲವೇನೋ, ಅಷ್ಟು ಜೋರಾಗಿ ಕಿರುಚಿದಳು. ಸಮಿತಿಯ ಅಧ್ಯಕ್ಷ ಅವಳನ್ನು ಕೂರಿಸಿ, ಇದನ್ನೆಲ್ಲ ಬರೆಯುವುದು ಬೇಡ ಎಂದು ನನಗೆ ಸನ್ನೆ ಮಾಡಿದ. ನಾನು ಬರೆಯಲಿಲ್ಲ. ಒಂದು ಕಡೆ ಗಿರಣಿಯ ಬಾಗಿಲಲ್ಲಿ ಪಟ ತೂಗುವ ಹೆಂಗಸು, ಇನ್ನೊಂದು ಕಡೆ ಉಗುಳಿದ ಹೆಂಗಸು. ಯಾರ ಮಾತು ನಂಬಬೇಕೆಂದು ನಮಗೆ ಯೋಚನೆಯೇ ಬರಲಿಲ್ಲ.

ಓಣಿಯ ನಾಲಿಗೆ ಅಷ್ಟಕ್ಕೆ ನಿಲ್ಲಲಿಲ್ಲ. ಒಂದು ತಿಂಗಳೊಳಗೆ, ಲುವಾ ತನ್ನ ಜೀವ ಉಳಿಸಿಕೊಳ್ಳಲು ಅತ್ತೆಯನ್ನು ಬೆನ್ನಿಗೆ ಗುರಾಣಿಯ ಹಾಗೆ ಕಟ್ಟಿಕೊಂಡಳು ಎಂಬ ಮಾತು ಹುಟ್ಟಿತು. ಇದನ್ನು ಮಿಯೆನ್ ಹುಟ್ಟಿಸಲಿಲ್ಲ. ನೀರಿನ ನಲ್ಲಿಯ ಹತ್ತಿರ, ಅಕ್ಕಿಯ ಸಾಲಿನಲ್ಲಿ, ಅದು ತಾನಾಗಿಯೇ ಬೆಳೆಯಿತು. ಆದರೆ ಮಿಯೆನ್ ಅದನ್ನು ಕೇಳಿ ಅಲ್ಲ ಎನ್ನಲೂ ಇಲ್ಲ.

೧೯೭೬ರಲ್ಲಿ ದ್ವಾಯ್ ಬದುಕಿ ಬಂದ. ಮನೆಗೆ ಬರುವ ಮೊದಲು ಓಣಿಯ ಬಾಯಲ್ಲಿ ಚಹಾ ಕುಡಿಯಲು ಕೂತ. ಅಲ್ಲಿಯೇ ಆ ಗುರಾಣಿಯ ಮಾತು ಅವನ ಕಿವಿಗೆ ಬಿತ್ತು. ಸಮಿತಿಗೆ ಹೋಗಿ ನಾನು ಬರೆದ ವರದಿಯನ್ನು ಕೇಳಿ ತೆಗೆಸಿ ಓದಿದ. ಮನೆಗೆ ಹೋದವನು ತಾಯಿಯ ಪಟಕ್ಕೆ ಊದುಬತ್ತಿ ಹಚ್ಚಿ, ಹೆಂಡತಿ ಬಡಿಸಿದ ಅನ್ನವನ್ನು ಮುಟ್ಟದೆ, ಗಂಟು ಹೊತ್ತು ಹೊರಟ. ಕೆಂಪು ನದಿಯಾಚೆಯ ಹಳ್ಳಿಯೊಂದರಲ್ಲಿ ಬೇರೆ ಸಂಸಾರ ಹೂಡಿದ. ಅವನು ಹೋಗುವಾಗ ಲುವಾ ಬಾಗಿಲಲ್ಲಿ ನಿಂತಿದ್ದಳು. ಮಿಯೆನ್‌ಳ ಬಾಗಿಲ ಕಡೆ ನೋಡುತ್ತಿದ್ದಳು.

ಅಲ್ಲಿಂದ ಶುರುವಾದದ್ದು ಮೂವತ್ತೈದು ವರ್ಷ ನಡೆಯಿತು. ಇಬ್ಬರೂ ಸಮಬಲದ ಕೈಗಳೇ. ನಲ್ಲಿಯ ಸಾಲಿನಲ್ಲಿ ಲುವಾ ತನ್ನ ಸರದಿಗೆಂದು ಇಟ್ಟ ಇಟ್ಟಿಗೆಯನ್ನು ಮಿಯೆನ್ ಕಾಲಿನಿಂದ ಹಿಂದೆ ತಳ್ಳುವಳು; ಮಿಯೆನ್ ತುಂಬಿಸಿಟ್ಟ ಬಕೆಟ್ಟಿಗೆ ಲುವಾ ಮರದ ಚಪ್ಪಲಿ ಅದ್ದಿ ತೊಳೆಯುವಳು. ಎಲ್ಲರೂ ಹೊಟ್ಟೆಗಿಲ್ಲದೆ ಮನೆಯೊಳಗೇ ಹಂದಿ ಸಾಕುತ್ತಿದ್ದ ಆ ವರ್ಷಗಳಲ್ಲಿ ಲುವಾ ತನ್ನ ಹಂದಿಯನ್ನು ಬೇಕೆಂದೇ ನಡುಗೋಡೆಗೆ ತಾಗಿಸಿ ಕಟ್ಟಿದಳು. ಮಿಯೆನ್ ಹೋಗಿ ದೂರು ಕೊಟ್ಟರೆ, ಲುವಾ ಹಂದಿಯ ಬೆನ್ನು ತಟ್ಟಿ ಗೋಡೆಯ ಕಡೆ ಮುಖ ಮಾಡಿ, "ನಿನ್ ವಾಸನೆ ಅವ್ರಿಗೆ ಆಗಲ್ವಂತೆ ಕಣೇ. ಅವ್ರ ವಾಸನೆ ನಿಂಗ್ ಹೆಂಗಾಗತ್ತೆ ಅಂತ ಯಾರಾದ್ರೂ ಕೇಳಿದ್ರಾ?" ಎಂದು ಓಣಿಗೆಲ್ಲ ಕೇಳುವಂತೆ ಹೇಳುವಳು.

ವರ್ಷಕ್ಕೊಂದು ಸಲ ಅತ್ತೆ ಸತ್ತ ದಿನ ಬರುತ್ತಿತ್ತು. ಅಂದು ಲುವಾ ಅಂಟಕ್ಕಿ ಅನ್ನ, ಬೇಯಿಸಿದ ಕೋಳಿ ಮಾಡಿ, ಹಿರಿಯರ ಪೀಠಕ್ಕೆ ಇಟ್ಟು, ಬಾಗಿಲು ಹಾರುಹೊಡೆದು ಗಟ್ಟಿಯಾಗಿ ಕರೆಯುವಳು: "ಅತ್ತೇ, ಊಟಕ್ಕೆ ಬನ್ನಿ. ಈ ಕಡೆಯಿಂದ ಬನ್ನಿ. ಆ ಕಡೆ ಬಾಗಿಲು ಬಡಿಬೇಡಿ, ಅವ್ರು ತೆಗೆಯಲ್ಲ." ಪ್ರತಿ ವರ್ಷ ಅದೇ ಮಾತು. ಮಿಯೆನ್ ಆ ದಿನ ಮನೆಯಲ್ಲಿ ಇರುತ್ತಿರಲಿಲ್ಲ, ತಂಗಿಯ ಮನೆಗೆ ಹೋಗಿಬಿಡುತ್ತಿದ್ದಳು. ನಾವು ಓಣಿಯವರು, ಎಷ್ಟು ವಿಷ ಈ ಹೆಂಗಸಿಗೆ ಎಂದುಕೊಂಡು ಕಿಟಕಿ ಹಾಕಿಕೊಳ್ಳುತ್ತಿದ್ದೆವು. ಮಿಯೆನ್ ಯಾಕೆ ಹೋಗುತ್ತಾಳೆ ಎಂದು ನನಗೆ ಒಮ್ಮೆಯೂ ಹೊಳೆಯಲಿಲ್ಲ.

ಗಿರಣಿ ಸೊರಗಿತು. ಲುವಾ ನಮ್ಮೆಲ್ಲರಿಗಿಂತ ಮೊದಲು ಹೊರಬಿದ್ದಳು. ಹಸಿರು ಚಹಾ, ಶೇಂಗಾ ಮಿಠಾಯಿ, ಶುಂಠಿಯಲ್ಲಿ ಬೇಯಿಸಿದ ಬಸವನಹುಳು ಮಾರಿ ಬದುಕಿದಳು. ಮಿಯೆನ್‌ಳ ಕಡೆ ಕಾಲ ತಿರುಗಿತ್ತು. ಅಂದು ಗುಂಡಿಯಿಂದ ಹೊರಬಂದ ಮಗು ಥಾಮ್ ದೊಡ್ಡವಳಾಗಿ, ಹೊಲಿಗೆ ಕಲಿತು, ತಾಯಿಯ ಮನೆಯಲ್ಲೇ ಮದುವೆಯ ಉಡುಪು ಬಾಡಿಗೆಗೆ ಕೊಡುವ ಅಂಗಡಿ ಹಾಕಿದಳು. ಗಟ್ಟಿ ಹೆಣ್ಣು. ಕೆಟ್ಟವಳಲ್ಲ. ಲುವಾಳ ಮೇಲೆ ಅವಳಿಗಿದ್ದದ್ದು ತಾಯಿಯಿಂದ ಬಂದ ದ್ವೇಷ. ತಾಯಿ ಹೇಳಿದ್ದಷ್ಟೇ ಅವಳಿಗೆ ಗೊತ್ತಿತ್ತು.

೨೦೦೮ರಲ್ಲಿ ಪಾಲಿಕೆ ಬಯಲಿನ ಮೂಲಕ ಅಗಲವಾದ ಹೊಸ ರಸ್ತೆ ತೆಗೆಯಿತು. ರಸ್ತೆಗೆ ಹೊಂಡ ಹೋಯಿತು, ಲುವಾಳ ಮನೆಯೂ ಹೋಯಿತು. ಆದರೆ ಪೂರ್ತಿಯಾಗಿ ಅಲ್ಲ. ಅಳತೆಗಾರರು ಸುಣ್ಣದ ಗೆರೆ ಎಳೆದು ನೋಡಿದರೆ, ಮಿಯೆನ್‌ಳ ಗೋಡೆಗೆ ಅಂಟಿಕೊಂಡು, ಒಂದು ಮೀಟರ್ ಅಗಲ, ಹನ್ನೆರಡು ಮೀಟರ್ ಉದ್ದದ ಪಟ್ಟಿಯೊಂದು ಗೆರೆಯ ಆಚೆ ಲುವಾಳ ಹೆಸರಿನಲ್ಲಿ ಉಳಿದುಬಿಟ್ಟಿತ್ತು. ಪರಿಹಾರವಾಗಿ ಅವಳಿಗೆ ಊರಾಚೆಯ ಹೊಸ ಕಟ್ಟಡದಲ್ಲಿ ಮೂರನೆಯ ಮಹಡಿಯ ಮನೆ ಕೊಟ್ಟರು. ಮಿಯೆನ್‌ಳ ಮನೆಯಲ್ಲಂತೂ ಹಬ್ಬ. ಓಣಿಯೊಳಗೆ ಮುದುಡಿ ಕೂತಿದ್ದ ಮನೆಗೆ ಹನ್ನೆರಡು ಮೀಟರ್ ಉದ್ದಕ್ಕೂ ದೊಡ್ಡ ರಸ್ತೆಯ ಮುಖ. ನಡುವೆ ಆ ಪಟ್ಟಿ ಒಂದೇ. ಮುದುಕಿಗೆ ಅದೇನು ಉಪಯೋಗ, ಒಳ್ಳೆಯ ಬೆಲೆ ಕೊಟ್ಟರೆ ಬಿಡುತ್ತಾಳೆ ಎಂದು ಥಾಮ್ ಗೋಡೆ ಒಡೆಸಿ ಗಾಜು ಹಾಕಿಸುವ ಲೆಕ್ಕದಲ್ಲಿದ್ದಳು.

ಮರುವರ್ಷ ಒಂದು ಭಾನುವಾರ ಲುವಾ ಇಟ್ಟಿಗೆ ತರಿಸಿದಳು. ಸೋಮವಾರ ಗಾರೆಯವರು ಬಂದರು. ಪಾಲಿಕೆ ಕಚೇರಿಯವರು ನೋಟಿಸು ಹಿಡಿದು ಬರುವಷ್ಟರಲ್ಲಿ ಎರಡು ಅಂತಸ್ತು ಎದ್ದಿತ್ತು. ಒಂದು ಮೀಟರ್ ಅಗಲದ ಮನೆ. ಒಳಗೆ ಇಬ್ಬರು ಎದುರಾದರೆ ಒಬ್ಬರು ಹಿಂದಕ್ಕೆ ನಡೆಯಬೇಕು. ಒಂದು ತುದಿಗೆ ಒಲೆ, ಇನ್ನೊಂದು ತುದಿಗೆ ಹಾಸಿಗೆ, ಮೇಲೆ ಅತ್ತೆಯ ಪಟವಿಟ್ಟ ಪೀಠ. ಮಿಯೆನ್‌ಳ ಮನೆಗೆ ರಸ್ತೆಯ ಗಾಳಿ ಬೆಳಕು ಒಂದೂ ಇಲ್ಲದಂತಾಯಿತು. ಮೂರನೆಯ ಮಹಡಿಯ ಒಳ್ಳೆಯ ಮನೆಗೆ ಬೀಗ ಹಾಕಿ, ಅರವತ್ತಾರು ವರ್ಷದ ಹೆಂಗಸು ಆ ಸಂದಿಯಲ್ಲಿ ಅಡ್ಡಡ್ಡ ನಡೆದುಕೊಂಡು ಇರತೊಡಗಿದಳು. ನಾನು ಓಣಿಯ ಮುಖ್ಯಸ್ಥನಾಗಿ ಹೋಗಿ, ಇದು ಕಾನೂನಿಗೆ ಸರಿಯಲ್ಲ, ಮನುಷ್ಯತ್ವಕ್ಕೂ ಸರಿಯಲ್ಲ ಎಂದೆ. ಅವಳು ಬಲಗಿವಿ ಮುಂದೆ ಮಾಡಿ ಪೂರ್ತಿ ಕೇಳಿಸಿಕೊಂಡಳು.

"ಚೆನ್ನಾಗ್ ಹೇಳ್ತೀಯ ಖಾಯ್," ಎಂದಳು. "ಬರೆಯೋದೂ ಚೆನ್ನಾಗ್ ಬರೀತಿದ್ದೆ."

ಅಷ್ಟೇ ಹೇಳಿ ಬಾಗಿಲು ಹಾಕಿಕೊಂಡಳು. ಮೂವತ್ತೇಳು ವರ್ಷದಲ್ಲಿ ಅವಳು ನನ್ನೆದುರು ಆ ವರದಿಯ ಮಾತೆತ್ತಿದ್ದು ಅದೇ ಮೊದಲು. ನಾನು ಮನೆಗೆ ಬಂದು ಹೆಂಡತಿಯ ಮೇಲೆ ವಿನಾಕಾರಣ ರೇಗಿದೆ.

ಥಾಮ್ ಮೊದಲು ಹಣ್ಣಿನ ಬುಟ್ಟಿ ಹಿಡಿದು ಹೋದಳು. ಬುಟ್ಟಿ ಓಣಿಗೆ ಬಿತ್ತು. ಆಮೇಲೆ ಬೆಲೆ ಏರಿಸಿದಳು, ಆಮೇಲೆ ವಕೀಲನನ್ನು ಕರೆತಂದಳು. ಕಚೇರಿಯವರು ಒಡೆಯುತ್ತೇವೆ ಎಂದು ಕಾಗದ ಕಳಿಸುವುದು, ಲುವಾ ಯುದ್ಧಕಾಲದ ಪ್ರಮಾಣಪತ್ರಗಳನ್ನೆಲ್ಲ ಲಗತ್ತಿಸಿ ಉತ್ತರ ಕೊಡುವುದು, ಕಾಗದ ಮೇಲಿನ ಕಚೇರಿಗೆ ಹೋಗುವುದು, ಹೀಗೆ ಎರಡು ವರ್ಷ. ಒಂದು ಬೆಳಿಗ್ಗೆ ನೋಡಿದರೆ ಲುವಾಳ ಬಾಗಿಲಿಗೆ ಗಾಡಿಯ ಸುಟ್ಟ ಎಣ್ಣೆಯಲ್ಲಿ ಕಲಸಿದ ಕೊಳೆತ ಸೀಗಡಿ ಗೊಜ್ಜು ಎರಚಿದ್ದರು. ನಾತ ಓಣಿಯ ಬಾಯಿಯವರೆಗೆ. ಯಾರು ಎರಚಿದರೆಂದು ಯಾರೂ ನೋಡಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಲುವಾ ತೊಳೆಯಲಿಲ್ಲ. ನಾಲ್ಕು ದಿನ ಹಾಗೇ ಬಿಟ್ಟಳು. ಅದರ ಪಕ್ಕದಲ್ಲೇ ಕೂತು ಚಹಾ ಕುಡಿದಳು. ಐದನೆಯ ದಿನ ಒಬ್ಬ ಪೇಂಟರನ್ನು ಕರೆಸಿ, ರಸ್ತೆಗೆ ಮುಖ ಮಾಡಿದ ತನ್ನ ಹನ್ನೆರಡು ಮೀಟರ್ ಗೋಡೆಯನ್ನು ಶವಪೆಟ್ಟಿಗೆ ಮಾರುವವನೊಬ್ಬನಿಗೆ ಬಿಟ್ಟಿಯಾಗಿ ಕೊಟ್ಟಳು. ಅವನು ಖುಷಿಯಿಂದ ಆಳೆತ್ತರದ ಕಪ್ಪು ಅಕ್ಷರಗಳಲ್ಲಿ ಬರೆಸಿದ: ಶವಪೆಟ್ಟಿಗೆ, ಹಗಲೂ ರಾತ್ರಿ ಸಿಗುತ್ತದೆ, ಮನೆಬಾಗಿಲಿಗೆ ತಲುಪಿಸುತ್ತೇವೆ. ಕೆಳಗೆ ಫೋನ್ ನಂಬರು.

ಮದುವೆಯ ಉಡುಪು ನೋಡಲು ಬರುವ ಹುಡುಗಿಯರು ರಸ್ತೆಯ ತಿರುವಿನಲ್ಲಿ ಅದನ್ನು ನೋಡುತ್ತಿದ್ದರು. ಜೊತೆಗೆ ಬಂದ ತಾಯಂದಿರು ಮಗಳ ಕೈ ಹಿಡಿದು ಹಿಂದೆ ತಿರುಗುತ್ತಿದ್ದರು. ಮೂರು ತಿಂಗಳಲ್ಲಿ ಥಾಮ್ ಇಬ್ಬರು ಹೊಲಿಗೆಯವರನ್ನು ಮನೆಗೆ ಕಳಿಸಿದಳು. ಒಂದು ದಿನ ನನ್ನ ಮನೆಗೆ ಬಂದು, ಕುರ್ಚಿಯಲ್ಲಿ ಕೂತು, ಆ ಗಟ್ಟಿ ಹೆಣ್ಣು ಅತ್ತುಬಿಟ್ಟಳು. ಸಭೆ ಕರೆಯಿರಿ, ಆ ಮುದುಕಿಗೆ ಏನು ಬೇಕೋ ಒಂದು ಸಲ ಎಲ್ಲರೆದುರು ಹೇಳಲಿ ಎಂದಳು.

೨೦೧೧ರ ಚಳಿಗಾಲದ ಒಂದು ಮಧ್ಯಾಹ್ನ ಓಣಿಯ ಸಭಾಮನೆಯಲ್ಲಿ ಕೂತೆವು. ಮೂವತ್ತು ಜನರಿದ್ದರು, ಯಾರಿಗೂ ನ್ಯಾಯ ಬೇಕಿರಲಿಲ್ಲ, ತಮಾಷೆ ನೋಡಲು ಬಂದಿದ್ದರು. ಥಾಮ್ ತಾಯಿಯನ್ನು ಕೈಹಿಡಿದು ತಂದು ಮುಂದೆ ಕೂರಿಸಿದಳು. ಮಿಯೆನ್ ಆಗಲೇ ಬಾಗಿದ್ದಳು, ಆದರೆ ಕೂದಲು ನುಣ್ಣಗೆ ಬಾಚಿ, ಮಾದರಿ ಕೆಲಸಗಾರ್ತಿಯ ಬಿಲ್ಲೆಯನ್ನು ಎದೆಗೆ ಚುಚ್ಚಿಕೊಂಡು ಬಂದಿದ್ದಳು. ಲುವಾ ಕೂರಲಿಲ್ಲ, ಗೋಡೆಗೆ ಒರಗಿ ನಿಂತಳು. ಏನು ಬೇಕು ಹೇಳಿ ಎಂದು ನಾನು ಕೇಳಿದೆ.

"ದುಡ್ಡು ಬೇಡ. ಜಾಗ ಇವತ್ತೇ ಬರೆದುಕೊಡ್ತೀನಿ, ಒಂದು ಕಾಸೂ ಮುಟ್ಟಲ್ಲ," ಎಂದಳು ಲುವಾ. "ಅವತ್ತು ಗುಂಡಿ ಹತ್ರ ಏನಾಯ್ತು ಅಂತ ಅವಳು ನಿಮ್ಮೆದುರು ಹೇಳ್ಬೇಕು. ಇದ್ದದ್ದು ಇದ್ದ ಹಾಗೆ. ಹೇಳಿದ್ರೆ ಸೋಮವಾರ ಗೋಡೆ ಒಡೀತೀನಿ."

ಥಾಮ್ ತಾಯಿಯ ಕಡೆ ನೋಡಿದಳು. ಮಿಯೆನ್, ಹೇಳುವುದೆಲ್ಲ ಅಂದೇ ಹೇಳಿದ್ದೇನೆ, ಕಾಗದದಲ್ಲಿದೆ, ಖಾಯ್‌ನನ್ನು ಕೇಳಿ ಎಂದಳು. ಎದ್ದು ಹೊರಟೇಬಿಟ್ಟಳು. ಲುವಾ ಹಿಂದಿನಿಂದ, "ಓಡು. ಬಿಲ್ಲೆ ಬಿದ್ದೀತು, ಜೋಪಾನ," ಎಂದಳು. ಕೆಲವರು ನಕ್ಕರು. ಸಭೆ ಮುರಿಯಿತು.

ಆ ವಾರ ಅವರ ಮನೆಯಲ್ಲಿ ಏನು ನಡೆಯಿತೆಂದು ಆಮೇಲೆ ಥಾಮ್ ನನಗೆ ಹೇಳಿದಳು. ಅಮ್ಮ, ಗುಂಡಿಯಲ್ಲಿ ಏನಾಯಿತು ಎಂದು ಅವಳು ಮೂರು ದಿನ ಬಿಡದೆ ಕೇಳಿದಳಂತೆ. ಮೂರು ದಿನವೂ ತಾಯಿ, ನಿನ್ನನ್ನು ಉಳಿಸಿದೆ, ಇನ್ನೇನು ಬೇಕು ನಿನಗೆ ಎಂದಷ್ಟೇ ಹೇಳಿದಳಂತೆ. ನಾಲ್ಕನೆಯ ದಿನ ಥಾಮ್, ನನಗೆ ಒಂದು ನೆನಪಿದೆ ಎಂದಳು. ಕತ್ತಲು, ತಲೆಯ ಮೇಲೆ ಯಾರೋ ಧಡಧಡ ಬಡಿಯುವ ಸದ್ದು. ಅದು ಬಾಂಬಿನ ಸದ್ದು ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ, ಅದು ಬಾಂಬಾ? ಮಿಯೆನ್ ಎದ್ದು ಒಳಗೆ ಹೋದಳು. ಎರಡು ದಿನ ಊಟ ಬಿಟ್ಟಳು. ಆಮೇಲೆ ತಾನೇ ನನಗೆ ಹೇಳಿಕಳಿಸಿದಳು, ಸಭೆ ಕರಿ ಎಂದು.

ಎರಡನೆಯ ಸಭೆಗೆ ಅವಳು ಒಬ್ಬಳೇ ಬಂದಳು. ಬಿಲ್ಲೆ ಇರಲಿಲ್ಲ. ಕೂರಿ ಎಂದರೂ ಕೂರಲಿಲ್ಲ. ಥಾಮ್ ಹಿಂದೆ ಬಾಗಿಲ ಹತ್ತಿರ ನಿಂತಿದ್ದಳು. ಲುವಾ ಹಿಂದಿನ ಜಾಗದಲ್ಲೇ, ಗೋಡೆಗೆ ಒರಗಿ, ಬಲಗಿವಿ ಈ ಕಡೆಗೆ.

"ಬರ್ಕೋ ಖಾಯ್," ಎಂದಳು ಮಿಯೆನ್. ಅವಳ ದನಿಯಲ್ಲಿ ಸೋಲು ಇರಲಿಲ್ಲ, ಸಿಟ್ಟಿತ್ತು. "ಮಗು ಎತ್ಕೊಂಡ್ ಹೊರಗ್ ಬಂದೆ. ವಿಮಾನ ತಲೆ ಮೇಲೇ ಇತ್ತು. ಗುಂಡಿ ನಂದಲ್ಲ ಅಂತ ಗೊತ್ತಿತ್ತು. ಇಳಿದೆ, ಮುಚ್ಚಳ ಎಳ್ಕೊಂಡೆ. ಇವಳು ಬಂದು ಬಡಿದಳು. ಕೇಳಿಸ್ತು. ಒಳಗಿನ ಕಬ್ಬಿಣದ ಬಳೆ ಎರಡೂ ಕೈಯಲ್ಲಿ ಹಿಡ್ಕೊಂಡು ಜೋತುಬಿದ್ದೆ. ಮುದುಕಿ ಇಳೀತೀನಿ ಇಳಿಯಲ್ಲ ಅಂತ ಏನೂ ಹೇಳ್ಲಿಲ್ಲ. ಗುಂಡೀಲಿ ನೀರೂ ಇರ್ಲಿಲ್ಲ."

ನನ್ನ ಕೈ ಬರೆಯುತ್ತಿತ್ತು.

"ನನ್ನತ್ತೆ ಏನಂದ್ರು?" ಎಂದು ಲುವಾ ಕೇಳಿದಳು.

ಮಿಯೆನ್ ಅವಳ ಕಡೆ ತಿರುಗಿದಳು. ಅಷ್ಟು ವರ್ಷದಲ್ಲಿ ಅವರಿಬ್ಬರೂ ಎದುರೆದುರು ನೋಡಿದ್ದು ನನಗೆ ನೆನಪಿಲ್ಲ.

"ಮಿಯೆನ್, ಮಗಾ, ತೆಗಿ, ಅಂದ್ರು. ಎರಡು ಸಲ ಅಂದ್ರು."

"ಬರಿ ಅದನ್ನೂ," ಎಂದಳು ಲುವಾ ನನಗೆ.

ಬರೆದೆ. ಮಿಯೆನ್ ಇನ್ನೂ ನಿಂತಿದ್ದಳು. "ಇನ್ನೊಂದು ಬರಿ," ಎಂದಳು. "ಸಮಿತಿ ಮುಂದೆ ಹೇಳಿದ್ದು ಸುಳ್ಳು. ಅದು ತಪ್ಪು. ಆದ್ರೆ ಮುಚ್ಚಳ ಹಿಡಿದದ್ದು ತಪ್ಪು ಅಂತ ನಾನು ಹೇಳಲ್ಲ. ಇವತ್ತು ಅದೇ ವಿಮಾನ ಬಂದ್ರೂ ಹಿಡೀತೀನಿ. ಇವಳು ನನ್ನ ಜಾಗದಲ್ಲಿದ್ರೆ ಇವಳೂ ಹಿಡೀತಿದ್ಲು."

"ಹಿಡೀತಿದ್ದೆ," ಎಂದಳು ಲುವಾ ತಕ್ಷಣ. "ಮುಚ್ಚಳಕ್ಕೆ ನಾನ್ಯಾವಾಗ ನಿನ್ನ ಬೈದೆ? ಆಚೆ ಬಂದು ನಾನೇ ಹಿಡಿದೆ ಅನ್ಬೇಕಿತ್ತು. ನನ್ ಗಂಡ ಬಂದಾಗ ಅನ್ಬೇಕಿತ್ತು. ಹತ್ತು ಹೆಜ್ಜೆ ದೂರದಲ್ಲಿ ಬಾಗಿಲ ಹಿಂದೆ ನಿಂತ್ಕೊಂಡು ಅವನು ಹೋಗೋದನ್ನ ನೋಡ್ತಿದ್ದೆ ನೀನು."

ಥಾಮ್ ಬಾಗಿಲಿನಿಂದ ಯಾವಾಗ ಹೊರಗೆ ಹೋದಳೋ ಯಾರೂ ಗಮನಿಸಲಿಲ್ಲ.

ಬರೆದದ್ದನ್ನು ಓದು ಎಂದು ಲುವಾ ಹೇಳಿದಳು. ನಾನು ಎದ್ದು ನಿಂತು ಮೊದಲಿಂದ ಕೊನೆಯವರೆಗೆ ಓದಿದೆ. ನಡುವೆ ಒಂದು ಸಲ ನಿಲ್ಲಿಸಿದೆ. ನೀರು ಕುಡಿದು ಮತ್ತೆ ಓದಿದೆ. ಮಿಯೆನ್ ಸಹಿ ಹಾಕಿದಳು. ನಾನೂ ಹಾಕಿದೆ. ಕೆಳಗೆ, ೧೯೭೨ರ ವರದಿಯನ್ನು ಬರೆದವನು ನಾನೇ, ಲುವಾ ಹೇಳಿದ್ದನ್ನು ಅಂದು ಬರೆಯದೆ ಬಿಟ್ಟವನೂ ನಾನೇ ಎಂದು ಒಂದು ಸಾಲು ಸೇರಿಸಿದೆ. ಲುವಾ ಅದನ್ನು ಓದಿದಳು. ಚೆನ್ನಾಯಿತು ಎನ್ನಲಿಲ್ಲ, ಕ್ಷಮಿಸಿದೆ ಎನ್ನಲಿಲ್ಲ. ಇದರದೊಂದು ಪ್ರತಿ, ಠಸ್ಸೆ ಹೊಡೆದು ಕೊಡು ಎಂದಳು.

ಹೊರಡುವಾಗ ಬಾಗಿಲಲ್ಲಿ ಇಬ್ಬರೂ ಒಟ್ಟಿಗೆ ಸಿಕ್ಕಿಕೊಂಡರು. ಮಿಯೆನ್, "ಕೇಳಿದ್ದು ಸಿಕ್ತಲ್ಲ. ಇನ್ಮೇಲೆ ನನ್ ಮುಖ ನೋಡ್ಬೇಡ," ಎಂದಳು. ಲುವಾ, "ನೋಡೋಕೆ ಅದೇನ್ ಚಂದ ಅಂತ," ಎಂದು ಅವಳನ್ನು ಸರಿಸಿ ಮುಂದೆ ನಡೆದಳು.

ಸೋಮವಾರ ಹೇಳಿದಂತೆ ಗಾರೆಯವರನ್ನು ಕರೆಸಿ ಒಡೆಸಿದಳು. ಶವಪೆಟ್ಟಿಗೆಯವನು ಬಂದು ಗೋಳಾಡಿ ಹೋದ. ಅತ್ತೆಯ ಪಟ, ಹಾಸಿಗೆ, ಒಲೆ ಎಲ್ಲವೂ ಒಂದು ತಳ್ಳುಗಾಡಿಯಲ್ಲಿ ಮೂರನೆಯ ಮಹಡಿಯ ಮನೆಗೆ ಹೋದವು. ಜಾಗವನ್ನು ಥಾಮ್‌ಳ ಹೆಸರಿಗೆ ಬರೆದುಕೊಟ್ಟಳು. ಮಿಯೆನ್‌ಳ ಹೆಸರು ಕಾಗದದಲ್ಲಿ ಎಲ್ಲೂ ಬರಕೂಡದೆಂದು ಹಟ ಹಿಡಿದು ಎರಡು ಸಲ ಬರೆಸಿದಳು. ಥಾಮ್ ಅವಳ ಕೈ ಹಿಡಿದು ಏನೋ ಹೇಳಲು ಹೋದಳು. ಲುವಾ ಕೈ ಬಿಡಿಸಿಕೊಂಡು, ಸಹಿ ಎಲ್ಲಿ ಹಾಕಬೇಕು ಅಷ್ಟು ತೋರಿಸು ಎಂದಳಂತೆ.

ಠಸ್ಸೆ ಹೊಡೆದ ಪ್ರತಿಯನ್ನು ಹಿಡಿದು ಅವಳು ನದಿಯಾಚೆಯ ಹಳ್ಳಿಗೆ ಬಸ್ಸು ಹತ್ತಿದಳು. ದ್ವಾಯ್ ಇನ್ನೂ ಬದುಕಿದ್ದ, ಮೊಮ್ಮಕ್ಕಳಿದ್ದವು. ಏನಾಯಿತೆಂದು ನಾನು ಕೇಳಬಾರದಿತ್ತು, ಕೇಳಿದೆ.

"ಓದಿದ. ಕನ್ನಡಕ ತರಿಸ್ಕೊಂಡು ಇನ್ನೊಂದ್ಸಲ ಓದಿದ," ಎಂದಳು. "ಊಟ ಮಾಡ್ಕೊಂಡ್ ಹೋಗು ಅಂದ. ಅವನ ಹೆಂಡ್ತಿ ಬಡಿಸಿಯೂ ಬಿಟ್ಲು. ನಾನು ಮುಟ್ಲಿಲ್ಲ."

ಸಾಯುವುದರೊಳಗೆ ಒಂದು ಸಲ ಅವನನ್ನು ಕ್ಷಮಿಸಬಾರದೇ ಎಂದು ನನ್ನ ಹೆಂಡತಿ ಆಮೇಲೆ ಹೇಳಿದಳು. ಲುವಾ ಯಾರನ್ನಾದರೂ ಕ್ಷಮಿಸುವುದನ್ನು ನಾನು ಕಂಡಿಲ್ಲ, ನನ್ನನ್ನೂ ಸೇರಿಸಿ. ಹಾಗೆ ನೋಡಿದರೆ ಅವಳ ಹತ್ತಿರ ಹೋಗಿ, ಬಾಯಿಬಿಟ್ಟು, ಕ್ಷಮಿಸು ಎಂದು ಕೇಳಿದವರೂ ಓಣಿಯಲ್ಲಿ ಯಾರೂ ಇಲ್ಲ. ಥಾಮ್ ಒಬ್ಬಳು ಪ್ರಯತ್ನಪಟ್ಟಳು, ಅಷ್ಟೇ.

ಆದರೆ ಆ ವರ್ಷದಿಂದ ಅತ್ತೆ ಸತ್ತ ದಿನ ಅವಳು ಓಣಿಗೆಲ್ಲ ಕೇಳುವಂತೆ ಕರೆಯುವುದು ನಿಂತಿತು. ಮೂರನೆಯ ಮಹಡಿಯಲ್ಲಿ, ಬಾಗಿಲು ಹಾಕಿಕೊಂಡು, ಮೆಲ್ಲಗೆ ಎಡೆ ಇಡುತ್ತಾಳೆಂದು ಆ ಕಟ್ಟಡದವರು ಹೇಳುತ್ತಾರೆ.

ಥಾಮ್‌ಳ ಅಂಗಡಿ ಮುಂದಿನ ವರ್ಷ ಗಾಜಿನ ಗೋಡೆ ಹಾಕಿಸಿಕೊಂಡು ರಸ್ತೆಗೆ ಮುಖ ಮಾಡಿ ತೆರೆಯಿತು. ಹೂವಿನ ಕಂಬಗಳು, ಬಣ್ಣದ ಛಾವಣಿ, ಎಲ್ಲ ಜೋರಾಗಿಯೇ ಇತ್ತು. ಅದಾದ ಹತ್ತನೆಯ ದಿನ ಲುವಾ ರಸ್ತೆಯ ಎದುರುಬದಿಯ ಮರದ ಕೆಳಗೆ ಚಹಾದ ಮಣೆಗಳನ್ನು ಹಾಕಿ ಕೂತಳು. ಊರಲ್ಲಿ ಬೇರೆ ಮರ ಇರಲಿಲ್ಲವೇ ಎಂದರೆ, ಇಲ್ಲಿ ಗಿರಾಕಿ ಚೆನ್ನಾಗಿದ್ದಾರೆ ಎನ್ನುತ್ತಾಳೆ. ಮಿಯೆನ್ ಮಹಡಿಯ ಕಿಟಕಿಯಲ್ಲಿ ಕೂರುತ್ತಾಳೆ. ಲುವಾ ಮರದ ಕೆಳಗೆ ಕೂರುತ್ತಾಳೆ. ಒಬ್ಬರ ಕಡೆ ಒಬ್ಬರು ನೋಡುವುದಿಲ್ಲ.

ಒಂದು ತಿಂಗಳಿಗೆ ಅವಳು ನನ್ನ ಮನೆಗೆ ಒಂದು ಅರ್ಜಿ ತಂದುಕೊಟ್ಟಳು: ಥಾಮ್‌ಳ ಅಂಗಡಿಯ ಛಾವಣಿ ಕಾಲುದಾರಿಯ ಮೇಲೆ ನಿಯಮಕ್ಕಿಂತ ಹೆಚ್ಚು ಚಾಚಿದೆ, ಮಳೆ ಬಂದರೆ ನಡೆಯುವವರ ತಲೆಯ ಮೇಲೆ ನೀರು ಸುರಿಯುತ್ತದೆ, ಮುಖ್ಯಸ್ಥರು ಕ್ರಮ ಕೈಗೊಳ್ಳಬೇಕು. ಟೇಪು ಹಿಡಿದು ಹೋಗಿ ಅಳೆದೆ. ಹನ್ನೊಂದು ಸೆಂಟಿಮೀಟರ್ ಹೆಚ್ಚಿತ್ತು. ಥಾಮ್ ಅಂದೇ ಆಳು ಕರೆಸಿ ಕೊಯ್ಯಿಸಿದಳು.